ಹಳೆಯ ನೀರಿನ ಗಿರಣಿಯಲ್ಲಿ ಸಂಸಾರ ಹೂಡಬಹುದೇ? ಕಾಲುವೆ ದಂಡೆಯ ನಮ್ಮ ಗಿರಣಿಯನ್ನು ಕೆಡವಬೇಕೇ, ಉಳಿಸಬೇಕೇ?

ಇಂಗ್ಲೆಂಡಿನಲ್ಲಿ ನೂರಾರು ವರ್ಷ ಹಳೆಯ ನೀರಿನ ಗಿರಣಿಗಳನ್ನು ಕೊಂಡು ಮನೆ ಮಾಡಿಕೊಂಡವರ ಚಿತ್ರಗಳನ್ನು ನೋಡಿದ್ದಾಗಿಯೂ, ಸಿಂಧನೂರಿನ ಕಡೆ ಉಪಕಾಲುವೆಯ ದಂಡೆಯಲ್ಲಿ ನಿಮ್ಮ ಅಜ್ಜ ಕಟ್ಟಿಸಿದ ಅಕ್ಕಿ ಗಿರಣಿಯೊಂದು ಹದಿನೈದು ವರ್ಷದಿಂದ ಬೀಗ ಹಾಕಿ ನಿಂತಿರುವುದಾಗಿಯೂ ಬರೆದಿದ್ದೀರಿ. ಅಂಥ ಕಟ್ಟಡದಲ್ಲಿ ನಿಜಕ್ಕೂ ಸಂಸಾರ ಮಾಡಲು ಸಾಧ್ಯವೇ, ಇಲ್ಲವೇ ಕೆಡವಿ ಹೊಸದು ಕಟ್ಟುವುದೇ ಲೇಸೇ ಎಂಬುದು ನಿಮ್ಮ ಪ್ರಶ್ನೆ. ಉಳಿಸಿಕೊಳ್ಳಿ ಎಂಬುದೇ ನನ್ನ ಉತ್ತರ. ಆದರೆ ಆ ಕಟ್ಟಡದೊಳಕ್ಕೆ ನೀರು ಎಲ್ಲಿಂದ ಬರುತ್ತದೆ, ಎಲ್ಲಿಂದ ಹೊರಹೋಗುತ್ತದೆ ಎಂಬುದನ್ನು ತಿಳಿಯುವ ಮೊದಲು ಒಂದು ಚೀಲ ಸಿಮೆಂಟನ್ನೂ ತರಿಸಬೇಡಿ. ಈ ಮಾತನ್ನು ನಾನು ದುಡ್ಡು ಕಳೆದುಕೊಂಡು ಕಲಿತವನಾದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನಾನು ಗಂಗಾವತಿಯವನು, ವೃತ್ತಿಯಿಂದ ಸಿವಿಲ್ ಎಂಜಿನಿಯರ್. ಕೆಲಸದ ಮೇಲೆ ಇಂಗ್ಲೆಂಡಿಗೆ ಹೋಗಿದ್ದಾಗ ಯಾರ್ಕ್‌ಷೈರಿನ ಹಳ್ಳಿಯೊಂದರಲ್ಲಿ, ಮನೆಯಾಗಿ ಮಾರ್ಪಟ್ಟಿದ್ದ ನೀರಿನ ಗಿರಣಿಯ ನಡುವಣ ಅಂತಸ್ತಿನ ಕೋಣೆಯಲ್ಲಿ ಹದಿನಾಲ್ಕು ತಿಂಗಳು ಬಾಡಿಗೆಗಿದ್ದೆ. ಊರಿಗೆ ಮರಳಿದ ಮೇಲೆ ನಮ್ಮ ಮನೆತನದ ಅಕ್ಕಿ ಗಿರಣಿಯನ್ನೇ ಮನೆ ಮಾಡಿಕೊಂಡೆವು. ಅದರಲ್ಲಿ ನಾವು ವಾಸಿಸುತ್ತ ಈಗ ಒಂಬತ್ತು ವರ್ಷಗಳಾದವು.

ಮೊದಲು ನೀವು ಚಿತ್ರದಲ್ಲಿ ಕಂಡ ಗಿರಣಿಯ ಮಾತು. ಇಂಗ್ಲೆಂಡಿನಲ್ಲಿ ಅದು ಬಹಳ ಹಳೆಯ ಸಂಗತಿ. 1086ರಲ್ಲಿ ಅಲ್ಲಿನ ಅರಸ ದೇಶದ ಆಸ್ತಿಪಾಸ್ತಿಗಳ ಲೆಕ್ಕ ಬರೆಸಿದಾಗಲೇ ಐದೂವರೆ ಸಾವಿರಕ್ಕೂ ಹೆಚ್ಚು ಗಿರಣಿಗಳು ಅದರಲ್ಲಿ ದಾಖಲಾಗಿದ್ದವು. ಹೊಳೆಗೆ ಅಡ್ಡಲಾಗಿ ಚಿಕ್ಕದೊಂದು ಒಡ್ಡು ಕಟ್ಟಿ, ಅಲ್ಲಿಂದ ಗಿರಣಿಗೆಂದೇ ತೋಡಿದ ಕಾಲುವೆಯಲ್ಲಿ ನೀರನ್ನು ಎತ್ತರ ಕಳೆದುಕೊಳ್ಳದಂತೆ ತಂದು, ಗೋಡೆಯ ಪಕ್ಕದ ದೊಡ್ಡ ಚಕ್ರದ ಮೇಲೆ ಬೀಳಿಸಿ, ಕೆಳಗಿನ ಮೋರಿಯಿಂದ ಮತ್ತೆ ಹೊಳೆಗೆ ಸೇರಿಸುತ್ತಾರೆ. ಚಕ್ರದ ಅಚ್ಚು ಗೋಡೆಯನ್ನು ತೂರಿ ಒಳಗಿನ ಗುಂಡಿಗೆ ಬರುತ್ತದೆ. ಅಲ್ಲಿ ನಿಂತಿರುವ ಹಲ್ಲುಗಾಲಿಯಿಂದ ಮಲಗಿರುವ ಹಲ್ಲುಗಾಲಿಗೆ ತಿರುವು ದಾಟಿ, ನೆಟ್ಟಗಿನ ಕಂಬವೊಂದರ ಮೂಲಕ ಮೇಲಿನ ಅಂತಸ್ತಿನ ಬೀಸುವ ಕಲ್ಲುಗಳನ್ನು ತಲುಪುತ್ತದೆ. ಕಬ್ಬಿಣದ ಗಾಲಿಗೆ ಜೊತೆಯಾಗುವ ಇನ್ನೊಂದು ಗಾಲಿಗೆ ಬೇಕೆಂದೇ ಮರದ ಹಲ್ಲುಗಳನ್ನು ಕೂರಿಸಿರುತ್ತಾರೆ. ಸೇಬಿನ ಮರ ಅಥವಾ ಹಾರ್ನ್‌ಬೀಮ್ ಎಂಬ ಗಟ್ಟಿ ಮರದ ಆ ಹಲ್ಲುಗಳಿಂದ ಸದ್ದು ಕಡಿಮೆಯಾಗುತ್ತದೆ; ಏನಾದರೂ ಸಿಕ್ಕಿಕೊಂಡರೆ ಒಂದು ಮರದ ಹಲ್ಲು ಮುರಿಯುತ್ತದೆಯೇ ಹೊರತು ಇಡೀ ಗಾಲಿ ಹೋಗುವುದಿಲ್ಲ.

ಇದನ್ನು ಇಷ್ಟು ಬಿಡಿಸಿ ಹೇಳಿದ್ದಕ್ಕೆ ಕಾರಣವಿದೆ. ಗಿರಣಿಯಲ್ಲಿ ಕಟ್ಟಡವೂ ಯಂತ್ರದ ಒಂದು ಭಾಗವೇ. ಕಾಳಿನ ಚೀಲ ಸರಪಳಿಯಲ್ಲಿ ಮಾಡಿನ ಕೆಳಗಿನ ಅಟ್ಟಕ್ಕೆ ಏರುತ್ತದೆ, ಅಟ್ಟದ ಕಣಜದಿಂದ ಕಾಳು ನಡುವಿನ ಅಂತಸ್ತಿನ ಕಲ್ಲಿಗೆ ಇಳಿಯುತ್ತದೆ, ಹಿಟ್ಟು ಅದರ ಕೆಳಗಿನ ಅಂತಸ್ತಿನಲ್ಲಿ ಚೀಲ ಸೇರುತ್ತದೆ. ಒಮ್ಮೆ ಮೇಲಕ್ಕೆ ಹೋದ ಕಾಳನ್ನು ಇಳಿಸಲು ಯಾರ ಬೆನ್ನೂ ಬೇಕಾಗದಂತೆ ಅಂತಸ್ತುಗಳನ್ನು ಜೋಡಿಸಿದ್ದಾರೆ. ನನ್ನ ಕೋಣೆಯ ನೆಲದಲ್ಲಿ ಎರಡು ರೆಕ್ಕೆಯ ಒಂದು ಚೌಕದ ಬಾಗಿಲಿತ್ತು. ಕೆಳಗಿನಿಂದ ಏರಿ ಬಂದ ಚೀಲ ಅದನ್ನು ತಾನೇ ತಳ್ಳಿ ತೆರೆದು, ದಾಟಿದ ಕೂಡಲೇ ರೆಕ್ಕೆಗಳು ತಮ್ಮ ಭಾರಕ್ಕೆ ತಾವೇ ಮುಚ್ಚಿಕೊಳ್ಳುತ್ತಿದ್ದವಂತೆ. ಕೀಲುಗಳು ಕಬ್ಬಿಣದವಲ್ಲ, ದಪ್ಪ ತೊಗಲಿನ ಪಟ್ಟಿಗಳು. ನೂರಾರು ವರ್ಷ ಚೀಲಗಳು ಉಜ್ಜಿದ ಕಡೆ ಮರ ನುಣ್ಣಗೆ ಸವೆದು, ನಮ್ಮ ಹಳೆಯ ಮನೆಗಳ ಹೊಸ್ತಿಲ ನಡುಭಾಗದಂತೆ ತಗ್ಗಾಗಿತ್ತು. ಮನೆಯ ಒಡೆಯರು ಆ ಬಾಗಿಲಿಗೆ ಚಿಲಕ ಹಾಕಿಸಿದ್ದರೇ ಹೊರತು ಮೇಲೆ ಹಲಗೆ ಬಡಿಸಿರಲಿಲ್ಲ. ಅದೇ ಊರಿನ ಹತ್ತಿರದ ಮತ್ತೊಂದು ಗಿರಣಿಯಲ್ಲಿ ಹಲ್ಲುಗಾಲಿಗಳನ್ನೆಲ್ಲ ಕಿತ್ತು ಮಾರಿ, ಒಳಗೆ ಹೊಸ ಗೋಡೆಗಳನ್ನೆಬ್ಬಿಸಿ ಸಾಲು ಕೋಣೆಗಳನ್ನು ಮಾಡಿದ್ದರು. ಹೊರಗೆ ಚಕ್ರ ಮಾತ್ರ ಇತ್ತು. ಅದನ್ನು ನೋಡಿದಾಗ ನನಗೆ ಸಂಕಟವಾಯಿತು, ಏಕೆಂದರೆ ಆ ಚಕ್ರ ಯಾವುದನ್ನು ತಿರುಗಿಸುತ್ತಿತ್ತು ಎಂದು ಅಲ್ಲಿ ಬೆಳೆಯುವ ಮಗುವಿಗೆ ತೋರಿಸಲು ಏನೂ ಉಳಿದಿರಲಿಲ್ಲ.

ಚಕ್ರದಿಂದ ಮನೆಗೆ ಕರೆಂಟು ಬರುತ್ತದೆಯೇ ಎಂದೂ ಕೇಳಿದ್ದೀರಿ. ಲೆಕ್ಕವನ್ನು ನಮ್ಮ ಕ್ಯೂಸೆಕ್ಸಿನಲ್ಲೇ ಮಾಡೋಣ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28.3 ಲೀಟರ್. ಏಳು ಕ್ಯೂಸೆಕ್ಸ್ ನೀರು ಹತ್ತು ಅಡಿ ಎತ್ತರದಿಂದ ಬಿದ್ದರೆ ಅದರಲ್ಲಿರುವ ಶಕ್ತಿ ಸುಮಾರು 5.9 ಕಿಲೋವಾಟ್. ಚಕ್ರದಲ್ಲೂ ಹಲ್ಲುಗಾಲಿಗಳಲ್ಲೂ ನಷ್ಟವಾಗಿ ಶೇಕಡ 60ರಷ್ಟು ಕೈಗೆ ಸಿಕ್ಕರೆ ಮೂರೂವರೆ ಕಿಲೋವಾಟ್, ಅಂದರೆ ನಮ್ಮ ಹೊಲದ 5 ಎಚ್‌ಪಿ ಪಂಪ್‌ಸೆಟ್ಟಿನ ಮೋಟಾರಿನಷ್ಟು. ಮೇಲಿನಿಂದ ನೀರು ಬೀಳುವ ಚಕ್ರ, ಕೆಳಗೆ ಹರಿವಿನಲ್ಲಿ ಅದ್ದಿದ ಚಕ್ರಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಕೆಲಸ ಕೊಡುತ್ತದೆಂದು ಜಾನ್ ಸ್ಮೀಟನ್ ಎಂಬ ಎಂಜಿನಿಯರ್ ಮಾದರಿಗಳನ್ನು ಕಟ್ಟಿ ಅಳೆದು 1759ರಲ್ಲೇ ತೋರಿಸಿಕೊಟ್ಟಿದ್ದಾರೆ. ಮನೆಯ ದೀಪ, ಫ್ಯಾನು, ಫ್ರಿಜ್ಜಿಗೆ ಇಷ್ಟು ಸಾಕು. ಆದರೆ ಇಂಗ್ಲೆಂಡಿನಲ್ಲಿ ದಿನಕ್ಕೆ 20 ಘನ ಮೀಟರಿಗಿಂತ ಹೆಚ್ಚು ನೀರನ್ನು ಹೊಳೆಯಿಂದ ತಿರುಗಿಸಿಕೊಳ್ಳಲು ಸಾಮಾನ್ಯವಾಗಿ ಪರವಾನಗಿ ಬೇಕು. ನಾನು ಹೇಳಿದ ಚಕ್ರದ ಮೇಲೆ ಅಷ್ಟು ನೀರು ನೂರೇ ಸೆಕೆಂಡಿನಲ್ಲಿ ಹರಿದುಹೋಗುತ್ತದೆ. ಇದಲ್ಲದೆ ಹಾವುಮೀನುಗಳು ಒಡ್ಡನ್ನು ದಾಟಲು ದಾರಿ ಬಿಡಬೇಕು, ಅಟ್ಟದಲ್ಲಿ ಬಾವಲಿಗಳಿದ್ದರೆ ಅವುಗಳ ನೆಲೆಯನ್ನು ಅನುಮತಿಯಿಲ್ಲದೆ ಕೆಡಿಸುವಂತಿಲ್ಲ. ಕಟ್ಟಡ ಸಂರಕ್ಷಿತ ಪಟ್ಟಿಯಲ್ಲಿದ್ದರೆ ಅದರ ಸ್ವರೂಪ ಬದಲಾಗುವಂತೆ ಒಳಗೂ ಹೊರಗೂ ಏನು ಮಾಡುವುದಿದ್ದರೂ ಮೊದಲೇ ಒಪ್ಪಿಗೆ ಪಡೆಯಬೇಕು.

ಆ ಚಿತ್ರಗಳಲ್ಲಿ ಕಾಣದ ಇನ್ನೊಂದು ಸಂಗತಿಯೇ ನನ್ನ ಮನಸ್ಸಿನಲ್ಲಿ ಆಳವಾಗಿ ನಿಂತಿದೆ. ಗಿರಣಿಯನ್ನು ಕೊಂಡವರು ನೀರಿನ ಕಾವಲನ್ನೂ ಕೊಂಡಂತೆ. ಅಕ್ಟೋಬರಿನ ಒಂದು ರಾತ್ರಿ ಎರಡು ಗಂಟೆಯ ಹೊತ್ತಿಗೆ ಮನೆಯ ಒಡೆಯರು ಬಾಗಿಲು ತಟ್ಟಿ ನನ್ನನ್ನು ಎಬ್ಬಿಸಿದರು. ಮಳೆಗೆ ಹೊಳೆ ಏರಿತ್ತು. ತೂಬಿನ ಬಾಗಿಲಿಗೆ ಮುರಿದ ಕೊಂಬೆಯೊಂದು ಅಡ್ಡ ಸಿಕ್ಕಿ, ಎಲೆ ಕಸವೆಲ್ಲ ಅದಕ್ಕೆ ಹತ್ತಿಕೊಂಡು, ನೀರು ಕಾಲುವೆಯ ದಂಡೆಯ ಮಟ್ಟಕ್ಕೆ ಬಂದಿತ್ತು. ಅವರು ಟಾರ್ಚು ಹಿಡಿದರು, ನಾನು ಉದ್ದನೆಯ ಕೊಕ್ಕೆಯಿಂದ ಕೊಂಬೆಯನ್ನು ಎಳೆದೆ. ಆಮೇಲೆ ಇಬ್ಬರೂ ಸೇರಿ ಕಬ್ಬಿಣದ ಹಿಡಿಕೆಯನ್ನು ತಿರುಗಿಸುತ್ತ ಬಾಗಿಲನ್ನು ಹಲ್ಲು ಹಲ್ಲಾಗಿ ಮೇಲೆತ್ತಿದೆವು. ನಾವು ಎತ್ತದೆ ಮಲಗಿದ್ದರೆ ಮೊದಲು ನೀರು ನುಗ್ಗುತ್ತಿದ್ದದ್ದು ಮೇಲಿನ ನೆರೆಯವರ ತೋಟಕ್ಕೆ. ಎಪ್ಪತ್ತು ದಾಟಿದ ಅವರು ಪ್ರತಿ ಮಳೆಗಾಲದಲ್ಲೂ ಈ ಕೆಲಸವನ್ನು ತಪ್ಪದೆ ಮಾಡುತ್ತಿದ್ದರು. ಊರು ಬಿಟ್ಟು ಹೋಗುವುದಿದ್ದರೆ ಕೀಲಿಯನ್ನು ಯಾರ ಕೈಗೆ ಕೊಡಬೇಕೆಂದು ಮೊದಲೇ ಗೊತ್ತುಮಾಡಿಕೊಳ್ಳುತ್ತಿದ್ದರು.

ಇನ್ನು ನಮ್ಮ ಕಡೆಯ ಮಾತಿಗೆ ಬರುತ್ತೇನೆ. ವಿಜಯನಗರದ ಅರಸರ ಕಾಲದ ಕಾಲುವೆಗಳು ಆನೆಗುಂದಿ, ಹಂಪಿ, ಹೊಸಪೇಟೆಗಳ ಸುತ್ತ ಇಂದಿಗೂ ಗದ್ದೆಗಳಿಗೆ ನೀರುಣಿಸುತ್ತಿದ್ದರೂ ಅವುಗಳ ಮೇಲೆ ಇಂಥ ಚಕ್ರವನ್ನು ನಾನೆಲ್ಲೂ ಕಂಡಿಲ್ಲ. ನಮ್ಮಲ್ಲಿ ಜೋಳ ಬೀಸಿದ್ದು ಹೆಂಗಸರ ತೋಳು. ನಸುಕಿನಲ್ಲಿ ಬೀಸುವ ಕಲ್ಲಿನ ಮುಂದೆ ಕುಳಿತವರ ಬಾಯಲ್ಲಿ ತ್ರಿಪದಿಗಳು ಬೆಳೆದವು. ಭತ್ತ ಒರಳು ಒನಕೆಗಳಲ್ಲಿ ಅಕ್ಕಿಯಾಯಿತು, ಗಾಣವನ್ನು ಎತ್ತು ತಿರುಗಿಸಿತು. ದಖ್ಖನ್ನಿನಲ್ಲಿ ನೀರಿನ ಗಿರಣಿ ನೋಡಬೇಕೆಂದರೆ ನೀವು ಔರಂಗಾಬಾದಿನ ಪನ್‌ಚಕ್ಕಿಗೆ ಹೋಗಿ ಬನ್ನಿ. ಊರಿಗೆ ಈಗ ಛತ್ರಪತಿ ಸಂಭಾಜಿನಗರ ಎಂದು ಹೆಸರು. ಬಾಬಾ ಶಾ ಮುಸಾಫಿರರ ದರ್ಗಾದ ಬಳಿ, ಮೈಲುಗಟ್ಟಲೆ ದೂರದ ಬುಗ್ಗೆಯಿಂದ ಮಣ್ಣಿನ ಕೊಳವೆಗಳಲ್ಲಿ ನೀರು ತಂದು, ಗೋಡೆಯ ಎತ್ತರದಿಂದ ಬೀಳಿಸಿ, ಯಾತ್ರಿಕರಿಗೂ ಫಕೀರರಿಗೂ ಬೇಕಾದ ಹಿಟ್ಟನ್ನು ಅಲ್ಲಿ ಬೀಸುತ್ತಿದ್ದರು. ರಾಯಚೂರು, ಕೊಪ್ಪಳಗಳಂತೆ ಔರಂಗಾಬಾದೂ ಒಂದು ಕಾಲಕ್ಕೆ ನಿಜಾಮರ ಸಂಸ್ಥಾನದಲ್ಲಿಯೇ ಇತ್ತು.

ನಮ್ಮ ಗಿರಣಿಗಳು ಹುಟ್ಟಿದ್ದು ಬೇರೆ ಬಗೆಯ ನೀರಿನಿಂದ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆಯ ನೀರು ಕಾಲುವೆಗೆ ಬಂದ ಮೇಲೆ ಎಡದಂಡೆಯ ಗಂಗಾವತಿ, ಕಾರಟಗಿ, ಸಿಂಧನೂರುಗಳ ಜೋಳದ ಹೊಲಗಳು ಭತ್ತದ ಗದ್ದೆಗಳಾದವು, ಅದರ ಬೆನ್ನಿಗೇ ಭತ್ತದ ಹೊಟ್ಟು ಬಿಡಿಸುವ ಹಲ್ಲರ್ ಯಂತ್ರಗಳನ್ನು ಡೀಸೆಲ್ ಎಂಜಿನ್ನಿನಿಂದ ಓಡಿಸುವ ಗಿರಣಿಗಳು ಬಂದವು. ಹಾಗಾಗಿ ನಿಮ್ಮ ಅಜ್ಜನವರ ಗಿರಣಿಯನ್ನು ನೀರು ತಿರುಗಿಸದಿದ್ದರೂ ಅದನ್ನು ಕಾಲುವೆಯ ಕೂಸೆಂದೇ ಕರೆಯಬೇಕು. ಅದರ ರೋಗವೂ ಕಾಲುವೆಯ ರೋಗವೇ ಆಗಿರುತ್ತದೆ. ಕಾಲುವೆಯ ಒಸರು ನೀರು ನೆಲದಡಿಯಲ್ಲಿ ನಿಂತು, ಬೇಸಿಗೆಯಲ್ಲಿ ಉಪ್ಪನ್ನು ಹೊತ್ತು ಮೇಲೇರುವುದನ್ನು ನಾವು ಸವಳು ಜವಳು ಎಂದು ಕರೆಯುತ್ತೇವಲ್ಲ, ಅದು ಗದ್ದೆಗೆ ಮಾತ್ರ ಬರುವುದೆಂದು ನಾನೂ ತಿಳಿದಿದ್ದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಅದರ ಮೇಲೆ ಎಷ್ಟೋ ವರ್ಷಗಳಿಂದ ಕೆಲಸ ನಡೆಯುತ್ತಿರುವುದು ಗೊತ್ತಿದ್ದೂ, ಗೋಡೆಗೂ ಅದೇ ಸವಳು ಹತ್ತುತ್ತದೆಂದು ಹೊಳೆದಿರಲಿಲ್ಲ.

ನಮ್ಮ ಗಿರಣಿಯ ಗೋಡೆಗಳು ಎರಡು ಅಡಿ ದಪ್ಪದ ಕಲ್ಲಿನವು, ಸುಣ್ಣದ ಗಾರೆಯಲ್ಲಿ ಕಟ್ಟಿದವು. ಎಂಜಿನ್ ಕೋಣೆಯ ಮೂಲೆಯಲ್ಲಿ ಎಂಜಿನ್ ತಂಪಾಗಿಸುವ ನೀರಿನ ತೊಟ್ಟಿಯಿತ್ತು. ತೊಟ್ಟಿಯ ಪಕ್ಕದಲ್ಲಿ, ನೆಲಮಟ್ಟದಲ್ಲಿ, ಒಂದು ಗೇಣು ಅಗಲದ ಕಂಡಿಯೊಂದು ಗೋಡೆಯನ್ನು ತೂರಿ ಹೊರಗಿನ ಚರಂಡಿಗೆ ಹೋಗುತ್ತಿತ್ತು. ಕೆಲಸ ವಹಿಸಿಕೊಂಡ ಗುತ್ತಿಗೆದಾರರು, ಹಾವು ಬರುತ್ತದೆಂದು ಹೇಳಿ ಆ ಕಂಡಿಗೆ ಕಾಂಕ್ರೀಟು ತುಂಬಿಸಿದರು. ಎಲ್ಲ ಗೋಡೆಗಳಿಗೂ ಒಳಗೆ ಹೊರಗೆ ಸಿಮೆಂಟಿನ ಗಿಲಾವು ಹಾಕಿಸಿ ಮೇಲೆ ಹೊಳಪಿನ ಬಣ್ಣ ಬಳಿಸಿದರು. ನಾನು ಎದುರಿಗೇ ನಿಂತು ಒಪ್ಪಿಗೆ ಕೊಟ್ಟಿದ್ದೆ. ಕಾಲುವೆಗೆ ನೀರು ಬಿಟ್ಟ ಎರಡನೆಯ ವರ್ಷವೇ ಸೊಂಟದೆತ್ತರದವರೆಗೆ ಬಣ್ಣ ಗುಳ್ಳೆಯೆದ್ದಿತು. ಬೆರಳಿನಿಂದ ಒತ್ತಿದರೆ ಗುಳ್ಳೆ ಒಡೆದು ಒಳಗಿಂದ ಬಿಳಿಯ ಉಪ್ಪು ರವೆಯಂತೆ ಉದುರುತ್ತಿತ್ತು. ಮೂರನೆಯ ವರ್ಷ ಗಿಲಾವು ಹಾಳೆ ಹಾಳೆಯಾಗಿ ಕಳಚಿತು, ಜೊತೆಗೆ ಕಲ್ಲಿನ ಸಂದಿನ ಹಳೆಯ ಗಾರೆಯನ್ನೂ ಕಿತ್ತುಕೊಂಡು ಬಂದಿತು. ಅಡಿಗೆಮನೆಯಲ್ಲಿ ಇಟ್ಟ ಜೋಳದ ಚೀಲದ ತಳ ಬೂಸ್ಟು ಹಿಡಿದ ದಿನ ಅವ್ವ ಅತ್ತಳು.

ಆನೆಗುಂದಿಯ ಕಡೆಯ ಹಿರಿಯ ಗೌಂಡಿಯೊಬ್ಬರನ್ನು ಕರೆತಂದು ತೋರಿಸಿದೆ. ಅವರು ಗೋಡೆಯನ್ನು ನೋಡುವ ಮೊದಲು ಹೊರಗಿನ ಚರಂಡಿಯನ್ನು ಹುಡುಕಿದರು. ಮುಚ್ಚಿದ ಕಂಡಿಯ ಗುರುತು ಕಂಡು, "ತಮ್ಮಾ, ಸಿಮೆಂಟ್ ಹಚ್ಚಿದ್ರ ನೀರು ಗ್ವಾಡ್ಯಾಗ ಕುಂದರತೈತಿ, ಸುಣ್ಣ ಹಚ್ಚಿದ್ರ ಹಾದು ಹೋಗತೈತಿ. ಮೊದಲ ಈ ತೂತು ಬಿಚ್ಚಸು" ಎಂದರು. ಹಾಗೆಯೇ ಮಾಡಿದೆವು. ಕಂಡಿಯನ್ನು ಬಿಡಿಸಿ ಹಾವು ಇಲಿ ನುಸುಳದಂತೆ ಸಣ್ಣ ಕಣ್ಣಿನ ಜಾಲರಿ ಕೂರಿಸಿ, ಗೋಡೆಯ ಸುತ್ತ ಹೊರಗೆ ಎರಡಡಿ ಆಳದ ತೋಡು ತೆಗೆದು ಜಲ್ಲಿ ತುಂಬಿ ಇಳಿಜಾರು ಕೊಟ್ಟೆವು. ಸಿಮೆಂಟನ್ನೆಲ್ಲ ಕೆತ್ತಿಸಿ ಗೋಡೆಯನ್ನು ಒಂದು ಬೇಸಿಗೆ ಪೂರ್ತಿ ಬರಿಮೈಯಲ್ಲಿ ಒಣಗಲು ಬಿಟ್ಟೆವು. ಹೊರಬಂದ ಉಪ್ಪನ್ನು ಒಣ ಬ್ರಷ್ಷಿನಿಂದ ಉಜ್ಜಿ ತೆಗೆದು ದೂರ ಚೆಲ್ಲಿದೆವು; ತೊಳೆದಿದ್ದರೆ ಅದು ಕರಗಿ ಮತ್ತೆ ಗೋಡೆಗೇ ಸೇರುತ್ತಿತ್ತು. ಸುಣ್ಣವನ್ನು ಗುಂಡಿಯಲ್ಲಿ ವಾರಗಟ್ಟಲೆ ನೆನೆಸಿ, ಮರಳು ಮತ್ತು ಇಟ್ಟಿಗೆ ಪುಡಿ ಬೆರೆಸಿ, ಬೆಲ್ಲ ಮತ್ತು ಅಳಲೆಕಾಯಿಯ ನೀರು ಹಾಕಿ ಆ ಹಿರಿಯರೇ ಗಾರೆ ಹದಮಾಡಿಸಿದರು. ಅದಾಗಿ ಆರು ಮಳೆಗಾಲ ಕಳೆದಿವೆ. ನೀರು ಬಿಟ್ಟಾಗ ಗೋಡೆಯ ಬುಡ ಸ್ವಲ್ಪ ಕಪ್ಪಾಗುತ್ತದೆ, ಚಳಿಗಾಲ ಮುಗಿಯುವ ಹೊತ್ತಿಗೆ ಮತ್ತೆ ಬೆಳ್ಳಗಾಗುತ್ತದೆ. ಎರಡು ವರ್ಷಕ್ಕೊಮ್ಮೆ ಬುಡಕ್ಕೆ ಸುಣ್ಣ ಬಳಿಯುವುದು ಬಿಟ್ಟರೆ ಬೇರೆ ಖರ್ಚಿಲ್ಲ.

ಯಂತ್ರಗಳ ವಿಷಯದಲ್ಲಿ ಯಾರ್ಕ್‌ಷೈರಿನ ಆ ಒಡೆಯರು ನಡೆದ ದಾರಿಯನ್ನೇ ನಾನೂ ಹಿಡಿದೆ. ಎಂಜಿನ್ ಎಂದೋ ಗುಜರಿಗೆ ಹೋಗಿತ್ತು. ಆದರೆ ಅದು ಕುಳಿತಿದ್ದ ಕಟ್ಟೆ, ನಾಲ್ಕು ಮೂಲೆಗೂ ಹೆಬ್ಬೆರಳ ಗಾತ್ರದ ಬೋಲ್ಟುಗಳು ಎದ್ದು ನಿಂತ ಕಟ್ಟೆ, ಹಾಗೆಯೇ ಇತ್ತು. ಅದನ್ನು ಒಡೆಯಲು ಕಂಪ್ರೆಸರ್ ತರಿಸಬೇಕೆಂದವರಿಗೆ ಬೇಡವೆಂದೆ. ಬೋಲ್ಟುಗಳ ತುದಿಯನ್ನು ಮುಳುಗಿಸುವಂತೆ ಮೇಲೆ ದಪ್ಪನೆಯ ಸಾಗುವಾನಿ ಹಲಗೆ ಹಾಸಿದೆವು. ಈಗ ನಾವು ಊಟಕ್ಕೆ ಕೂರುವುದು ಅದರ ಸುತ್ತಲೇ. ಗೋಡೆಯ ಮೇಲಿನ ಉದ್ದನೆಯ ಶಾಫ್ಟು, ಅದರ ಎರಡು ಪುಲ್ಲಿಗಳು, ಒಂದು ಹಲ್ಲರ್ ಇನ್ನೂ ಅಲ್ಲಿಯೇ ಇವೆ. ಪಟ್ಟಾ ಎಲ್ಲಿಂದ ಎಲ್ಲಿಗೆ ಓಡುತ್ತಿತ್ತು, ತೌಡು ಯಾವ ಕಡೆ ಬೀಳುತ್ತಿತ್ತು, ನುಚ್ಚು ಯಾವ ಕಡೆ ಎಂದು ನನ್ನ ಮಗಳು ಬಂದವರಿಗೆಲ್ಲ ತೋರಿಸುತ್ತಾಳೆ.

ನಿಮ್ಮ ಕಟ್ಟಡಕ್ಕೆ ಇನ್ನೂ ಕೆಲವು ಎಚ್ಚರಗಳು ಬೇಕು. ಮಾಡಿಗೆ ಹಳೆಯ ಸಿಮೆಂಟು ಶೀಟುಗಳಿದ್ದರೆ ಅವುಗಳಲ್ಲಿ ಆಸ್ಬೆಸ್ಟಾಸ್ ಇದೆಯೆಂದೇ ತಿಳಿಯಿರಿ. ಅವನ್ನು ಮೇಲಿನಿಂದ ಎಸೆದು ಒಡೆಸಬೇಡಿ. ನೀರು ಚಿಮುಕಿಸಿ, ಬೋಲ್ಟು ಬಿಚ್ಚಿ, ಇಡಿಯಾಗಿಯೇ ಇಳಿಸಲಿ, ಇಳಿಸುವವರ ಮೂಗಿಗೆ ಬಟ್ಟೆಯಲ್ಲ, ಒಳ್ಳೆಯ ಮುಖಗವಸೇ ಇರಲಿ. ಎಂಜಿನ್ ಕೋಣೆಯ ನೆಲ ದಶಕಗಳ ಎಣ್ಣೆ ಕುಡಿದಿರುತ್ತದೆ, ಅದರ ಮೇಲೆ ಏನನ್ನು ಹಾಸಿದರೂ ಕೂರುವುದಿಲ್ಲವಾದ್ದರಿಂದ ಅಷ್ಟು ಮಣ್ಣನ್ನು ತೆಗೆಸಲೇಬೇಕು. ಸಿಂಧನೂರಿನ ಕಡೆ ಎರೆ ಭೂಮಿ. ಅದು ನೀರು ಕುಡಿದಾಗ ಉಬ್ಬಿ, ಒಣಗಿದಾಗ ಬಿರಿಯುತ್ತದೆ, ಗೋಡೆಯಲ್ಲಿ ಓರೆಯಾಗಿ ಬಿರುಕು ಕಂಡರೆ ಮುಚ್ಚುವ ಮೊದಲು ಒಂದು ವರ್ಷ ಅದರ ಅಗಲವನ್ನು ಅಳೆಯುತ್ತ ಬನ್ನಿ. ಸೆಕೆಯ ಬಗ್ಗೆ ಹೆಚ್ಚು ಚಿಂತಿಸಬೇಡಿ. ದಪ್ಪ ಗೋಡೆ, ಎತ್ತರದ ಮಾಡು, ಮಾಡಿನ ಕೆಳಗಿನ ಗಾಳಿಕಂಡಿಗಳನ್ನು ಹಾಗೆಯೇ ಬಿಟ್ಟರೆ ಏಪ್ರಿಲ್ ಬಿಸಿಲಲ್ಲೂ ನಮ್ಮ ನಡುಮನೆ ಹೊಸ ಆರ್‌ಸಿಸಿ ಮನೆಗಳಿಗಿಂತ ತಂಪಾಗಿರುತ್ತದೆ.

ಕಾಗದಪತ್ರಗಳಲ್ಲಿ ಎರಡನ್ನು ಮೊದಲು ನೋಡಿ. ಕಾಲುವೆಯ ದಂಡೆಯಲ್ಲಿ ನೀರಾವರಿ ಇಲಾಖೆಯ ಜಾಗ ಎಲ್ಲಿಗೆ ಮುಗಿದು ನಿಮ್ಮದು ಎಲ್ಲಿಂದ ಶುರುವಾಗುತ್ತದೆ ಎಂಬುದನ್ನು ಸರ್ವೆ ಮಾಡಿಸಿಕೊಳ್ಳಿ. ಜಾಗ ದಾಖಲೆಯಲ್ಲಿ ಕೃಷಿಯೆಂದಿದೆಯೋ ಕೈಗಾರಿಕೆಯೆಂದಿದೆಯೋ ನೋಡಿ, ವಾಸಕ್ಕೆ ಬದಲಿಸಬೇಕಾದರೆ ಅದನ್ನು ಕೆಲಸಕ್ಕೆ ಮುಂಚೆಯೇ ಮುಗಿಸಿ. ಆನೆಗುಂದಿ, ಹಂಪಿಯ ಸುತ್ತಲಿನ ಹಳ್ಳಿಗಳಾಗಿದ್ದರೆ ವಿಶ್ವ ಪರಂಪರೆ ಪ್ರದೇಶದ ಪ್ರಾಧಿಕಾರದ ಅನುಮತಿ ಬೇಕಾಗುತ್ತಿತ್ತು. ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರಿನೊಳಗೆ ಹೊಸದಾಗಿ ಕಟ್ಟುವುದಕ್ಕೆ ನಿಷೇಧ, ಅದರಾಚೆಯ 200 ಮೀಟರಿನಲ್ಲಿ ಅನುಮತಿಯ ಕಟ್ಟುಪಾಡು ಇವೆ. ನಿಮ್ಮ ಗಿರಣಿ ಅಂಥ ಜಾಗದಲ್ಲಿಲ್ಲವಾದರೆ ಈ ತೊಡಕು ನಿಮಗಿಲ್ಲ.

ಈಗ ಗಿರಣಿಯ ಬೀಗ ತೆಗೆದು ಕಸ ಗುಡಿಸಿಸಿ, ನೆಲಮಟ್ಟದಲ್ಲಿರುವ ಪ್ರತಿಯೊಂದು ಕಂಡಿ, ತೊಟ್ಟಿ, ಮೋರಿಯನ್ನೂ ಒಂದು ಹಾಳೆಯ ಮೇಲೆ ಗುರುತು ಹಾಕಿಕೊಳ್ಳಿ. ಕಾಲುವೆಗೆ ನೀರು ಬಿಟ್ಟು ಎರಡು ತಿಂಗಳಾದಾಗ ಹೋಗಿ, ಗೋಡೆಯ ತೇವ ಎಲ್ಲಿಯವರೆಗೆ ಏರಿದೆಯೋ ಅಲ್ಲಿ ಇದ್ದಿಲಿನಿಂದ ಗೆರೆ ಎಳೆದು ತಾರೀಖು ಬರೆಯಿರಿ. ಕಾಲುವೆ ಒಣಗಿದ ಮೇಲೆ, ಬೇಸಿಗೆಯಲ್ಲಿ, ಇನ್ನೊಮ್ಮೆ ಹೋಗಿ ಎರಡನೆಯ ಗೆರೆ ಎಳೆಯಿರಿ. ಎರಡು ಗೆರೆಗಳ ನಡುವಿನ ಅಂತರ ಎಷ್ಟೆಂದು, ಹಾಳೆಯ ಫೋಟೊದ ಜೊತೆಗೆ, ಇಲ್ಲಿಯೇ ಬರೆದು ಹಾಕಿದರೆ ಯಾವ ಕಡೆಯಿಂದ ಕೆಲಸ ಶುರುಮಾಡಬೇಕೆಂದು ನಾನು ಹೇಳುತ್ತೇನೆ.